ಗಳಿಸಿದ್ರ ನಿಮ್ಮವ, ಕೂತು ಉಂಡ್ರ ಯಾರವ?

ರಿಟರ್ನ್ ತುಂಬಸೂ ದಿನ ಬಂದ್ವು ಅಂದ್ರ ನಮ್ಮ ಸಾಲಿ ಸ್ಟಾಫ್ ರೂಮಿನ್ಯಾಗ ಬ್ಯಾರೆ ಮಾತ ಇರಂಗಿಲ್ಲ. "ನಿಮಗೆಷ್ಟು ಕಡದ್ರು, ನಮಗೆಷ್ಟು ಬಂತು" ಇದ ಮಾತು. ಪ್ರತಿ ವರ್ಷ ಜುಲೈ 31 ಕಡೀ ದಿನ ಇರತಿತ್ತು, 2025ರಾಗ ಸೆಪ್ಟೆಂಬರ್ 15ರ ಮಟಾ ಮುಂದ ಹಾಕಿದ್ರು. ಹಂಗಂತ ನಾನೂ ಹಬ್ಬಾ ಮುಗೀಲಿ ಅಂತ ಕೂತು, ಹ್ವಾದ ಐತವಾರ ಫಾರ್ಮ್ 16 ಹಿಡಕೊಂಡು ರೋಣದಾಗ ಟ್ಯಾಕ್ಸ್ ಅಂಗಡಿಗೆ ಹೋದೆ. ಅಂಗಡಿ ಹುಡುಗ ನನ್ನ ಹಳೇ ವಿದ್ಯಾರ್ಥಿ. ನಾಕನೇತ್ತ್ಯಾಗ ಎಂಟರ ಮಗ್ಗಿ ಹೇಳಾಕ ಬರದ ಗ್ವಾಡಿ ಹಿಡದು ನಿಂದರತಿದ್ದ, ಈಗ ನನ್ನ ತೆರಿಗಿ ಲೆಕ್ಕಾ ಹಾಕ್ತಾನ. ಇರಲಿ, ಖುಷಿ.

ಎಲ್ಲಾ ತುಂಬಿದ. ಪಗಾರ, ಬ್ಯಾಂಕಿನ ಬಡ್ಡಿ, ಕಡದ ತೆರಿಗಿ. ನಾ ಕೇಳಿದೆ, "ತಮ್ಮಾ, ಮಗಳ ಹೆಸರು ಎಲ್ಲಿ ಬರಸ್ತಿ?"

ಅವ ನನ್ನ ಮಾರಿ ನೋಡಿದ. "ಮಗಳ ಹೆಸರು ಯಾಕ್ರಿ ಟೀಚರ? ಅಕಿಗೆ ಎಷ್ಟು ವಯಸ್ಸು?"

"ಇಪ್ಪತ್ನಾಕು."

"ಏನ್ ಮಾಡ್ತಾರ?"

"ಎಂ.ಎಸ್ಸಿ. ಮುಗಿಸ್ಯಾಳ, ಧಾರವಾಡದಾಗ ರೂಮ್ ಮಾಡಿ ಪರೀಕ್ಷಾಕ ಓದಾಕತ್ತಾಳ."

ಹುಡುಗ ನಕ್ಕ. "ಹಂಗಾರ ಅಕಿ ನಿಮ್ಮ ಲೆಕ್ಕಕ್ಕ ಬರಂಗಿಲ್ಲ ಬಿಡ್ರಿ."

ಈ ಮಾತು ತಲ್ಯಾಗ ಕೂತು ಬಿಡ್ತು ನೋಡ್ರಿ. ಮನಿಗೆ ಬಂದು ಧಾರವಾಡಕ್ಕ ಕಳಸಾಕ ರೊಟ್ಟಿ ಬಡೀತಿದ್ದೆ. ವಾರಕ್ಕೊಮ್ಮೆ ಮೂವತ್ತು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಗುರೆಳ್ಳ ಹಿಂಡಿ, ಮೊಸರು ಬ್ಯಾರೆ. ರೂಮಿನ ಬಾಡಿಗಿ ನಾ ಕೊಡೂದು, ಕೋಚಿಂಗ್ ಫೀ ನಾ ಕೊಡೂದು, ಲೈಬ್ರರಿ ಸೀಟಿನ ರೊಕ್ಕ ನಾ ಕೊಡೂದು, ಮೊಬೈಲ್ ರೀಚಾರ್ಜ್ ನಾ ಮಾಡಸೂದು. ಅಕಿ ನನ್ನ ಲೆಕ್ಕಕ್ಕ ಬರಂಗಿಲ್ಲಂದ್ರ ಮತ್ತ ಯಾರ ಲೆಕ್ಕಕ್ಕ ಬರತಾಳ?

ನಿಮ್ಮ ಪೈಕಿ ಎಷ್ಟೋ ಮಂದಿ ಮನ್ಯಾಗ ಇದ ಕತಿ ಐತಿ, ಅದಕ್ಕ ಬರೀತೀನಿ. ಯಾರಿಗೂ ಹೇಳಲಾರದ ನಾವು ಹೆಂಗಸರು ಸಂತಿ ರೊಕ್ಕದಾಗ ಉಳಿಸಿ, ಹೈನದ ರೊಕ್ಕದಾಗ ಉಳಿಸಿ ಈ ಬೆಳದ ಮಕ್ಕಳನ್ನ ಸಾಕ್ತೀವಿ. ಡಿಗ್ರಿ ಮುಗೀತು ಅಂದ್ರ ನೌಕರಿ ಬರೂ ಮಟಾ ಎರಡು ವರ್ಷನೋ ನಾಕು ವರ್ಷನೋ, ಯಾವಾಗ ಪರೀಕ್ಷಾ ಕರೀತಾರ, ಯಾವಾಗ ರದ್ದು ಮಾಡ್ತಾರ, ಆ ದೇವರಿಗೆ ಗೊತ್ತು. ಆ ಮಟಾ ಉಣಸವರು ಯಾರು?

ಈಗ ಕಾನೂನು ಏನು ಹೇಳತೈತಿ ಅಂತ ಒಂದೀಟು ನೋಡೂಣು. ಬೇಸರ ಮಾಡ್ಕೋಬ್ಯಾಡ್ರಿ, ರೊಕ್ಕದ ಮಾತು ಗಂಡಸರಿಗೆ ಅಂತ ಬಿಟ್ಟದ್ದಕ್ಕ ನಮಗ ಇಷ್ಟು ದಿನ ಇದು ಕಾಣಲಿಲ್ಲ.

ನಮ್ಮ ದೇಶದ ರಿಟರ್ನಿನ್ಯಾಗ "ನಿಮ್ಮ ಮ್ಯಾಲೆ ಎಷ್ಟು ಜೀವ ಅವಲಂಬಿಸ್ಯಾವು" ಅಂತ ಕೇಳಿ ಅದರ ಮ್ಯಾಲೆ ತೆರಿಗಿ ಇಳಸೂ ಪದ್ಧತಿ ಇಲ್ಲ. ಚೂರು ಚೂರು ವಿನಾಯಿತಿ ಅದಾವು, ಅವೂ ಹಳೇ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 80ಸಿ ಒಳಗ ಇಬ್ಬರು ಮಕ್ಕಳ ಟ್ಯೂಷನ್ ಫೀ ತೋರಸಬಹುದು. ಮಕ್ಕಳ ವಯಸ್ಸು ಕೇಳಂಗಿಲ್ಲ, ಅದೊಂದು ಛಲೋ. ಆದ್ರ ಕಾಲೇಜು, ವಿಶ್ವವಿದ್ಯಾಲಯಕ್ಕ ಕಟ್ಟಿದ್ದ ಬೋಧನಾ ಶುಲ್ಕ ಮಾತ್ರ, ಅದೂ ಪೂರ್ಣ ಪ್ರಮಾಣದ ಕೋರ್ಸಿಗೆ. ಹಾಸ್ಟೆಲ್ ಇಲ್ಲ, ಮೆಸ್ ಇಲ್ಲ, ಬಸ್ ಪಾಸ್ ಇಲ್ಲ, ಡೊನೇಶನ್ ಇಲ್ಲ. ಮತ್ತ ಎಲ್ಲಾ ಸೇರಿ 1.50 ಲಕ್ಷದ ಮಿತಿ. ನನ್ನಂಥ ಹಳೇ ನೌಕರರಿಗೆ ಜಿಪಿಎಫ್, ಕೆಜಿಐಡಿ, ಎಲ್‌ಐಸಿ ಇಷ್ಟರಾಗ ಆ ಚೀಲ ತುಂಬಿ ಹೋಗಿರತೈತಿ. ಮಗಳ ಫೀ ಹಾಕಾಕ ಜಾಗ ಎಲ್ಲೈತಿ?

ಅಂಗಡಿ ಹುಡುಗ ಮೆಲ್ಲಕ ಅಂದ, "ಕೋಚಿಂಗ್ ಫೀನ ಟ್ಯೂಷನ್ ಫೀ ಅಂತ ತೋರಸೂಣೇನ್ರಿ ಟೀಚರ?" ಎಂಟರ ಮಗ್ಗಿ ಬರದಿದ್ರೂ ಈ ಮಗ್ಗಿ ಛಲೋ ಕಲತಾನ. ಬ್ಯಾಡ ಅಂದೆ. ನೀವೂ ಬ್ಯಾಡ ಅನ್ರಿ. ನಾಳೆ ನೋಟಿಸ್ ಬಂದ್ರ ಅಂಗಡಿಯವ ಬರಂಗಿಲ್ಲ, ಸಹಿ ಮಾಡಿದವರು ನಾವು.

80ಡಿ ಐತಿ, ಆರೋಗ್ಯ ವಿಮಾದ ಕಂತು. ನಿಮಗ, ನಿಮ್ಮ ಯಜಮಾನರಿಗೆ, ನಿಮ್ಮ ಮ್ಯಾಲೆ ಅವಲಂಬಿಸಿದ ಮಕ್ಕಳಿಗೆ ಸೇರಿ 25,000 ಮಟಾ. ಇದ್ರಾಗ ಒಂದು ತಮಾಷೆ ನೋಡ್ರಿ. ಅವ್ವ ಅಪ್ಪಗ ಕಟ್ಟಿದ್ರ ಅವರು ನಿಮ್ಮ ಮ್ಯಾಲೆ ಅವಲಂಬಿಸ್ಯಾರೋ ಇಲ್ಲೋ ಅಂತ ಕಾನೂನು ಕೇಳೂದಿಲ್ಲ. ಮಕ್ಕಳಿಗೆ ಮಾತ್ರ ಕೇಳತೈತಿ. ಇನ್ನ 80ಇ, ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ. ಅಂದ್ರ ಸಾಲಾ ಮಾಡಿ ಓದಸಿದ್ರ ಬಡ್ಡಿಗೆ ವಿನಾಯಿತಿ, ಸಾಲಾ ಮಾಡದ ಹೊಟ್ಟಿ ಬಟ್ಟಿ ಕಟ್ಟಿ ಓದಸಿದ್ರ ಏನಿಲ್ಲ.

ಈಗ ಲೆಕ್ಕಾ ಕೇಳ್ರಿ. ತಿಳ್ಯಾಕ ಸಸಾರ ಆಗಲಿ ಅಂತ ದುಂಡ ಅಂಕಿ ಹಿಡೀತೀನಿ, ವೃತ್ತಿ ತೆರಿಗಿ ಬಿಟ್ಟು. ವರ್ಷದ ಪಗಾರ 10.75 ಲಕ್ಷ ಅನ್ರಿ. 2024-25ರ ಲೆಕ್ಕಕ್ಕ ಹೊಸ ಪದ್ಧತ್ಯಾಗ 75,000 ತಗದ್ರ ಉಳದದ್ದು 10 ಲಕ್ಷ, ತೆರಿಗಿ ಸೆಸ್ ಸೇರಿ 52,000. ಹಳೇ ಪದ್ಧತ್ಯಾಗ 50,000 ತಗದು, 80ಸಿ ಪೂರಾ 1.50 ಲಕ್ಷ ತಗದು, ಮಗಳನ್ನ ಸೇರಿಸಿ ಮಾಡಿಸಿದ ವಿಮಾದ 25,000 ತಗದ್ರ ಉಳಿಯೂದು 8.50 ಲಕ್ಷ, ತೆರಿಗಿ 85,800. ಹುಡುಗ ಎರಡೂ ಹಾಳಿ ನನ್ನ ಮುಂದ ಇಟ್ಟ. ಹಳೇ ಪದ್ಧತ್ಯಾಗ ಮಗಳು ಒಂದು ಮೂಲ್ಯಾಗರ ಕಾಣ್ತಾಳ, ಹೊಸದ್ರಾಗ ಕಾಣೂದ ಇಲ್ಲ. ಕಾಣೂ ಹಂಗ ಬರಸಬೇಕಂದ್ರ 33,800 ರೂಪಾಯಿ ಹೆಚ್ಚಿಗಿ ಕಟ್ಟಬೇಕು. ಎಂಥಾ ಅವ್ವನೂ ಇಲ್ಲಿ ಮಗಳ ಹೆಸರು ಬಿಟ್ಟು ಬರತಾಳ. ನಾನೂ ಬಿಟ್ಟು ಬಂದೆ.

ನಮ್ಮ ಯಜಮಾನರ ವಾದ ಬ್ಯಾರೆ. "2025ರ ಬಜೆಟ್ಟಿನ್ಯಾಗ ಹನ್ನೆರಡು ಲಕ್ಷದ ಮಟಾ ತೆರಿಗಿ ಇಲ್ಲ ಅಂದಾರ. ಮುಂದಿನ ವರ್ಷದಿಂದ ನಿಂದು ಸೊನ್ನಿ. ಇನ್ನ ಯಾಕ ಒದರ್ತಿ?" ಖರೆ ಐತಿ. 2025-26ರ ಲೆಕ್ಕಕ್ಕ ನನಗ ತೆರಿಗಿ ಬರಂಗಿಲ್ಲ, ಸಂತೋಷ. ಆದ್ರ ನನ್ನ ಜಗಳ ನನ್ನ 52,000ದ್ದು ಅಲ್ಲ. ಒಬ್ಬಾಕೀನ ಇರೋ ಮನಿಗೂ, ಇಬ್ಬರು ಬೆಳದ ಮಕ್ಕಳನ್ನ, ಒಬ್ಬ ಅಂಗವಿಕಲ ಮಗನ್ನ ಸಾಕೂ ಮನಿಗೂ ಒಂದ ಅಳತಿ ಹಿಡದು, ಮನ್ಯಾಗ ಎಷ್ಟು ತಾಟು ಹಾಕ್ತೀರಿ ಅಂತ ಕೇಳದ ಹೋಗೂದು ನ್ಯಾಯನ? ಮತ್ತ ಇದ ಸರಕಾರ ಬ್ಯಾರೆ ಬಾಗಲದಾಗ ನಿಂತು ಎಲ್ಲಾರ ತಾಟು ಎಣಸ್ತೈತಿ, ಆ ಮಾತಿಗೆ ಆಮ್ಯಾಲೆ ಬರತೀನಿ.

ಅಂಗವಿಕಲ ಮಗ ಅಂದೆ. ನಮ್ಮ ನೆಗೆಣ್ಣಿಯ ಅಕ್ಕ ನರಗುಂದದಾಗ ಇರತಾರ, ನಿಮಗ ಗೊತ್ತು. ಮಗಗ ಈಗ ಮೂವತ್ತೊಂದು. ಹುಟ್ಟಿದಾಗಿಂದ ಎದ್ದು ನಿಂತಿಲ್ಲ, ಮಾತಿಲ್ಲ. ಜಳಕಾ ಮಾಡಸೂದು, ಉಣಸೂದು, ಮಗ್ಗಲ ಹೊಳ್ಳಸೂದು ಎಲ್ಲಾ ಆ ಅಕ್ಕನ. ಅಕಿಗೆ ಈಗ ಬೆನ್ನು ಹೋಗೈತಿ. 80ಡಿಡಿ ಅಂತ ಒಂದು ಕಲಂ ಐತಿ. ಅವಲಂಬಿಸಿದ ಅಂಗವಿಕಲ ಮಗ, ಮಗಳು, ಗಂಡ, ಹೆಂಡ್ತಿ, ಅವ್ವ, ಅಪ್ಪ, ಅಣ್ಣ, ತಂಗಿ ಯಾರಿದ್ರೂ ವರ್ಷಕ್ಕ 75,000, ತೀವ್ರ ಇದ್ರ 1.25 ಲಕ್ಷ ಆದಾಯದಾಗ ಕಳೀಬಹುದು. ಖರ್ಚಿನ ಪಾವತಿ ಒಂದೊಂದೂ ತೋರಸಬೇಕಂತಿಲ್ಲ, ಪ್ರಮಾಣಪತ್ರ ಇದ್ರ ಸಾಕು. ವಯಸ್ಸಿನ ಮಿತಿ ಇಲ್ಲ. ಇಡೀ ಕಾಯ್ದ್ಯಾಗ ಬೆಳದ ಮಗನ್ನ ಅವಲಂಬಿತ ಅಂತ ಬಾಯಿ ಬಿಟ್ಟು ಒಪ್ಪಿಕೊಂಡ ಕಲಂ ಅಂದ್ರ ಇದು. ಅದನ್ನ ಹೊಸ ಪದ್ಧತಿಯೊಳಗ ತಗದು ಹಾಕ್ಯಾರ. ಅವರ ಯಜಮಾನರು ಬ್ಯಾಂಕಿನಾಗ ಇದ್ದವರು, ಪಗಾರ ಹನ್ನೆರಡು ಲಕ್ಷದ ಮ್ಯಾಲೆ, ಲೆಕ್ಕಾ ಹಾಕಿದ್ರ ಅವರಿಗೂ ಹೊಸದ ಕಡಿಮಿ ಬರತೈತಿ. ಆ ಅಕ್ಕ ನನಗ ಫೋನಿನ್ಯಾಗ ಕೇಳಿದ್ಲು, "ಹಳೇ ಪದ್ಧತ್ಯಾಗ ಇದ್ದ ನನ್ನ ಮಗ ಹೊಸ ಪದ್ಧತ್ಯಾಗ ಎದ್ದು ಅಡ್ಡಾಡ್ತಾನೇನ?" ನನ್ನ ಹತ್ರ ಉತ್ತರ ಇರಲಿಲ್ಲ. ದಿಲ್ಲಿಯೊಳಗ ಯಾರ ಹತ್ರ ಐತೋ ಅವರು ಹೇಳಲಿ.

ಮದಲ ಹಿಂಗ ಇರಲಿಲ್ಲ. ನಮ್ಮ ಅಜ್ಜಾರ ಕಾಲಕ್ಕ, 1955ರ ಬಜೆಟ್ಟಿನ್ಯಾಗ ಅರ್ಥಮಂತ್ರಿ ಸಿ.ಡಿ. ದೇಶಮುಖರು ಮದಿವಿ ಆದವರಿಗೆ 2,000, ಆಗದವರಿಗೆ 1,000 ಅಂತ ಬ್ಯಾರೆ ಬ್ಯಾರೆ ಮಿತಿ ಇಟ್ರು. ಮನಿ ಅಂದ್ರ ಒಬ್ಬರದಲ್ಲ ಅಂತ ಒಪ್ಪಿಕೊಂಡಂಗಾತು. ಆ ದಶಕ ಮುಗಿಯೂದ್ರಾಗ ಮಕ್ಕಳನ್ನೂ ಎಣಿಸಿದ್ರು: ಮಕ್ಕಳಿಲ್ಲದ ದಂಪತಿಗೆ 3,000, ಒಂದು ಕೂಸಿದ್ರ 3,300, ಎರಡಿದ್ರ 3,600. ಕಂಪ್ಯೂಟರ್ ಇಲ್ಲದ, ಲೆಕ್ಕಣಿಕಿಯಿಂದ ಬರೆಯೂ ಕಾಲದಾಗ ಅವರಿಗೆ ಕೂಸು ಎಣಸಾಕ ಬರತಿತ್ತು. ಈಗ ಆಧಾರ, ಪಾನ್ ಎಲ್ಲಾ ಜೋಡಿಸಿ ಕೂತವರಿಗೆ ಬರಂಗಿಲ್ಲ ಅಂದ್ರ ನಾ ನಂಬಂಗಿಲ್ಲ.

ಅಮೆರಿಕಾದಾಗ ಇರೋ ನಮ್ಮ ನಾದಿನಿಗೆ ಕೇಳಿದೆ. ಅಕಿ ಮಗಗ ಇಪ್ಪತ್ತೆರಡು, ಕಾಲೇಜಿಗೆ ಹೋಗ್ತಾನ. ಅಲ್ಲಿ ಪೂರ್ಣಾವಧಿ ವಿದ್ಯಾರ್ಥಿ ಇದ್ರ ಇಪ್ಪತ್ನಾಕು ತುಂಬೂ ಮಟಾ, ತನ್ನ ಖರ್ಚಿನ ಅರ್ಧಕ್ಕಿಂತ ಹೆಚ್ಚು ತಾನ ನೋಡಿಕೊಳ್ಳದಿದ್ರ, ಅವ್ವ ಅಪ್ಪನ ರಿಟರ್ನಿನ್ಯಾಗ ಅವನ ಹೆಸರು ಬರಸಬಹುದಂತ. ಸಿಗೂದು ಏನು ಭಾರಿ ಅಲ್ಲ, ಆ ವಯಸ್ಸಿನವರಿಗೆ 500 ಡಾಲರ್. ಆದ್ರ ಹೆಸರು ಐತಿ. ಹದಿನೆಂಟಕ್ಕ ಮಕ್ಕಳು ಮನಿ ಬಿಟ್ಟು ಹೋಗ್ತಾರ, ಅಲ್ಲಿ ಯಾರಿಗೆ ಯಾರೂ ಇಲ್ಲ ಅಂತ ನಾವು ಮೂಗು ಮುರಿಯೂ ದೇಶ ಅದು. ಮದಿವಿ ಆಗಿ ಮಕ್ಕಳಾದ ಮಗಗೂ ತುತ್ತು ಮಾಡಿ ಉಣಸೂ ದೇಶ ನಮ್ಮದು. ಕಾಗದ ನೋಡಿದ್ರ ಉಲ್ಟಾ.

ನಮ್ಮ ಕಾನೂನಿನ ಇನ್ನೊಂದು ಮಾರಿ ನೋಡ್ರಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಏನು ಹೇಳತೈತಿ? ತನ್ನ ಗಳಿಕಿಯಿಂದ, ತನ್ನ ಆಸ್ತಿಯಿಂದ ಬದುಕಾಕ ಆಗಲಾರದ, ಮದಿವಿ ಆಗಲಾರದ ಮಗಳನ್ನ ಸಾಕೂದು ಹೆತ್ತವರ ಕರ್ತವ್ಯ. ಹದಿನೆಂಟು ತುಂಬಿತು, ಹೊರಗ ಹೋಗು ಅನ್ನಂಗಿಲ್ಲ. 2020ರಾಗ ಸುಪ್ರೀಂ ಕೋರ್ಟೂ ಇದನ್ನ ಹೇಳೇತಿ. ಅಂದ್ರ ನಾಳೆ ನಾ ರೊಕ್ಕ ಕಳಸೂದು ಬಿಟ್ರ ನನ್ನ ಮಗಳು ನನ್ನ ಮ್ಯಾಲೆ, ಅವರಪ್ಪನ ಮ್ಯಾಲೆ ಕೋರ್ಟಿಗೆ ಹೋಗಬಹುದು, ಹೋಗಿ ಗೆಲ್ಲಬಹುದು. ಕೋರ್ಟಿನ್ಯಾಗ ಅಕಿ ನನ್ನ ಅವಲಂಬಿತೆ. ತೆರಿಗಿ ಅಂಗಡ್ಯಾಗ ಅಕಿ ಯಾರೋ. ಸಾಕಲಿಲ್ಲಂದ್ರ ತಪ್ಪು, ಸಾಕಿದ್ರ ಲೆಕ್ಕಕ್ಕಿಲ್ಲ!

ಅದ ಮಗಳು ಸಣ್ಣಾಕಿ ಇದ್ದಾಗ ಅಕಿ ಹೆಸರಿಲೆ ಇಟ್ಟ ಎಫ್‌ಡಿಯ ಬಡ್ಡಿ ನನ್ನ ಆದಾಯಕ್ಕ ಸೇರಿಸಿದ್ರು. ಅಪ್ರಾಪ್ತ ಮಕ್ಕಳ ಹೆಸರಿಲೆ ಬಂದ ಬಡ್ಡಿ ಅವ್ವ ಅಪ್ಪನ ಪೈಕಿ ಯಾರ ಆದಾಯ ಹೆಚ್ಚೈತೋ ಅವರಿಗೆ ಸೇರಸಬೇಕು ಅಂತ ನಿಯಮ. ಒಂದು ಕೂಸಿಗೆ 1,500 ರೂಪಾಯಿ ಬಿಡ್ತಾರ, ಆ 1,500 ಮೂವತ್ತು ವರ್ಷದ ಮ್ಯಾಗಾತು, ಹಂಗ ಕೂತೈತಿ. ಹೊಸ ಪದ್ಧತ್ಯಾಗ ಅದೂ ಇಲ್ಲ. ಕೂಸಿನ ಬಡ್ಡಿ ನನ್ನದು, ಕೂಸಿನ ಹಾಲು ಯಾರದೂ ಅಲ್ಲ.

ಶ್ರೀಮಂತರಿಗೆ ಮಾತ್ರ ಮಕ್ಕಳು ದೊಡ್ಡವರಾಗೂದು ಲಾಭ. ಇದನ್ನ ನನಗ ಅಂಗಡಿ ಹುಡುಗನ ಹೇಳಿದ. ಹದಿನೆಂಟು ದಾಟಿದ ಮಗಳ ಹೆಸರಿಗೆ ಇಪ್ಪತ್ತು ಲಕ್ಷ ಕೊಡುಗಿ ಅಂತ ಕೊಟ್ಟು ಬಿಡ್ರಿ, ಅದಕ್ಕ ಅಕಿಗೆ ತೆರಿಗಿ ಇಲ್ಲ, ಆಮ್ಯಾಲೆ ಅದರ ಬಡ್ಡಿ ಅಕಿದು, ಅಕಿಗೆ ಬ್ಯಾರೆ ಆದಾಯ ಇಲ್ಲ, ಹಂಗಾಗಿ ತೆರಿಗೀನೂ ಇಲ್ಲ. ಪೂರಾ ಕಾನೂನುಬದ್ಧ. ಇಪ್ಪತ್ತು ಲಕ್ಷ ಕೊಡಾಕ ಇದ್ದವರಿಗೆ ದಾರಿ ಐತಿ. ತಿಂಗಳಾ ಬಾಡಿಗಿ, ರೊಟ್ಟಿ ಕೊಡವರಿಗೆ ಇಲ್ಲ.

2025ರ ಆಗಸ್ಟಿನ್ಯಾಗ ಹೊಸ ಆದಾಯ ತೆರಿಗಿ ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಬಿತ್ತು, 2026ರ ಏಪ್ರಿಲ್ 1ರಿಂದ ಜಾರಿ. 1961ರ ಹಳೇ ಕಾಯ್ದೆ ಜಾಗಕ್ಕ ಇದು. ಆಸೆಪಟ್ಟು ಕೇಳಿದೆ. ಕಲಮಿನ ನಂಬರ್ ಬದಲಾದ್ವು, ಮಗಳ ಜಾಗ ಬದಲಾಗಿಲ್ಲ. ಅಳಿಯ ಅಲ್ಲ, ಮಗಳ ಗಂಡ.

ಈಗ ಆ ಇನ್ನೊಂದು ಬಾಗಲದ ಮಾತು. ಇದು ಪಗಾರದವರ ಸಮಾಚಾರ ಅಲ್ಲ, ನಮ್ಮ ಗಜೇಂದ್ರಗಡದ ಚಿಗವ್ವಂದು.

ಚಿಗವ್ವನ ಮನ್ಯಾಗ ಕೈಮಗ್ಗ. ಕಾಕಾ ನೇಯ್ತಾನ, ಚಿಗವ್ವ ಕಂಡಿಕಿ ಸುತ್ತತಾಳ. ಬಿಪಿಎಲ್ ಕಾರ್ಡ್. ಕಾರ್ಡಿನ್ಯಾಗ ಮೂರು ಹೆಸರು, ಮೂರನೇದು ಮಗಂದು. ಅವ ಡಿಪ್ಲೊಮಾ ಮಾಡಿ ಎರಡು ವರ್ಷ ಮನ್ಯಾಗ ಕೂತ. ಆವಾಗ ಅವನ ಚಪ್ಪಲಿಯಿಂದ ಹಿಡದು ಪರೀಕ್ಷಾ ಫೀ ಮಟಾ ಚಿಗವ್ವನ ಕಂಡಿಕಿ ರೊಕ್ಕ. ಆಗ ಯಾವ ಸರಕಾರನೂ ಬಂದು "ನಿಮ್ಮ ಬೆಳದ ಮಗನ್ನ ನೀವು ಸಾಕಾಕತ್ತೀರಿ, ತಗೋರಿ" ಅನ್ನಲಿಲ್ಲ. ಆಮ್ಯಾಲೆ ಬೆಂಗಳೂರಾಗ ಒಂದು ಸಣ್ಣ ಕಂಪನ್ಯಾಗ ಕೆಲಸ ಸಿಕ್ತು, ತಿಂಗಳಿಗೆ 22,000. ಪಗಾರ ಅಂತ ಕೊಡಂಗಿಲ್ಲ, ಗುತ್ತಿಗಿ ಅಂತ ತೋರಿಸಿ ನೂರಕ್ಕ ಹತ್ತು ಟಿಡಿಎಸ್ ಹಿಡೀತಾರ. ವರ್ಷಕ್ಕ 26,400 ಹ್ವಾದ್ವು. ಅದನ್ನ ವಾಪಸ್ ತಗೋಳಾಕ ರಿಟರ್ನ್ ತುಂಬಿದ. ಅವನ ಆದಾಯಕ್ಕ ತೆರಿಗೀನ ಇಲ್ಲ, ಪೂರಾ ರೊಕ್ಕ ತಿರುಗಿ ಬಂತು. ಹುಡುಗ ಖುಷಿಲೆ ಅವ್ವಗ ಒಂದು ಮಿಕ್ಸರ್ ಕೊಡಸಿದ.

ಮಿಕ್ಸರ್ ಬಂದ ಕೆಲವು ತಿಂಗಳಿಗೆ ರೇಶನ್ ಅಂಗಡ್ಯಾಗ ಚಿಗವ್ವ ಹೆಬ್ಬಟ್ಟು ಒತ್ತಿದ್ರ ಅಕ್ಕಿ ಬರಲಿಲ್ಲ. ಕಾರ್ಡ್ ಎಪಿಎಲ್ ಆಗೇತಿ, ಮನ್ಯಾಗ ಯಾರೋ ಟ್ಯಾಕ್ಸಿನವರು ಅದಾರ ಅಂದ್ರಂತ.

2024ರ ನವೆಂಬರ್‌ನಾಗ ರಾಜ್ಯದ ತುಂಬ ಇದ ಗದ್ದಲ ಎದ್ದಿತ್ತಲ್ಲ, ನೆನಪೈತಿ? ಆಮ್ಯಾಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ತೆರಿಗಿ ಕಟ್ಟವರದು, ಸರಕಾರಿ ನೌಕರರದು ಬಿಟ್ಟು ಉಳದವರ ಕಾರ್ಡ್ ತೆಗೀಬಾರದು ಅಂದ್ರು. ಛಲೋ ಮಾತು. ಆದ್ರ ಟಿಡಿಎಸ್ ಹಿಡಿಸಿಕೊಂಡು ವಾಪಸ್ ಪಡದವ "ತೆರಿಗಿ ಕಟ್ಟವ" ಹೆಂಗಾದ? ಕಿಸೆದಾಗಿಂದ ಕಸಗೊಂಡು ತಿರುಗಿ ಕೊಟ್ರ ಅದು ಕಟ್ಟಿದಂಗ ಆತೇನು?

ಸರಿ, ಅದನ್ನ ಬಿಡ್ರಿ. ನಮ್ಮ ರಾಜ್ಯದಾಗ ಬಿಪಿಎಲ್‌ಗೆ ಮನಿತನದ ವರ್ಷದ ಆದಾಯ 1.20 ಲಕ್ಷದ ಒಳಗ ಇರಬೇಕು ಅನ್ನೂದೊಂದು ನಿಯಮ. ಹುಡುಗನ ಆದಾಯ 2.64 ಲಕ್ಷ, ಅದರ ಮ್ಯಾಲೂ ಅವರು ಕಾರ್ಡ್ ಕಡೀಬಹುದು. ನಿಯಮ ಇದ್ದದ್ದು ಖರೆ, ನಾ ಸುಳ್ಳ ಹೇಳಂಗಿಲ್ಲ. ನನ್ನ ಪ್ರಶ್ನೆ, ಆ 2.64 ಲಕ್ಷ ಯಾರ ಮನ್ಯಾಗ ಐತಿ? ಬೆಂಗಳೂರಾಗ ಪಿಜಿ, ಊಟ, ಬಸ್ಸು, ಡಿಪ್ಲೊಮಾಕ ಮಾಡಿದ ಸಾಲದ ಕಂತು. ಗಜೇಂದ್ರಗಡಕ್ಕ ಬರೂದು ತಿಂಗಳಿಗೆ 3,000, ವರ್ಷಕ್ಕ 36,000. ಬಂದದ್ದು 36,000, ಎಣಸೂದು 2,64,000.

ಇದು ನರಗುಂದದವರಿಗೆ ಹೊಸಾ ಮಾತಲ್ಲ. 2025ರ ಜುಲೈ 21ಕ್ಕ 45 ವರ್ಷ ತುಂಬಿದ್ವು. 1980ರಾಗ ಮಲಪ್ರಭಾ ಕಾಲುವಿ ಬಂತು, ನಿಮ್ಮ ಹೊಲ ಸುಧಾರಿಸ್ತು ಅಂತ ಬೆಟರ್‌ಮೆಂಟ್ ಲೆವಿ ಹೇರಿದ್ರಲ್ಲ, ಹೊಲಕ್ಕ ನೀರು ನೆಟ್ಟಗ ಬಂದೈತೋ ಇಲ್ಲೋ ನೋಡದ. ಕಾಗದದಾಗ ಕಾಲುವಿ ಗೆರಿ ಹಾದು ಹೋಗಿದ್ರ ಸಾಕು, ನೀವು ನೀರಾವರಿ ರೈತರು. ರೈತರು ಕೊಡಂಗಿಲ್ಲ ಅಂದ್ರು, ಗೋಲಿಬಾರಾತು, ಜೀವ ಹ್ವಾದ್ವು, ಅಲ್ಲಿಂದ ಇಡೀ ರಾಜ್ಯದಾಗ ರೈತ ಚಳವಳಿ ಎದ್ದಿತು. ಚಿಗವ್ವನ ಕತಿ ಅದ ಕತಿ. ಮಗನ ಪಗಾರದ ಕಾಲುವಿ ಕಾಗದದಾಗ ಮನಿ ಮುಂದ ಹಾದು ಹೋಗೇತಿ, ನೀರು ಮಾತ್ರ ಬೆಂಗಳೂರಾಗ ಇಂಗೇತಿ.

ಹೋದದ್ದು ಬರೇ ಅಕ್ಕಿ ಅಲ್ಲ. ಕಾಕಾಗ ಹೃದಯದ ತ್ರಾಸ ಐತಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿತನಕ್ಕ ವರ್ಷಕ್ಕ 5 ಲಕ್ಷದ ಮಟಾ ಉಚಿತ. ಎಪಿಎಲ್ ಆದ್ರ ಪ್ಯಾಕೇಜಿನ ನೂರಕ್ಕ ಮೂವತ್ತು ಸರಕಾರದ್ದು, ಎಪ್ಪತ್ತು ನಿಮ್ಮದು. ಮೂರು ಸಾವಿರ ಕಳಸೂ ಮಗನ ಮ್ಯಾಲೆ ಆ ಎಪ್ಪತ್ತು ಬಿತ್ತು.

ಕಚೇರ್ಯಾಗ ಚಿಗವ್ವಗ ಒಬ್ಬರು ಬುದ್ಧಿ ಹೇಳಿದ್ರಂತ: "ಮಗನ ಹೆಸರು ಕಾರ್ಡಿನಿಂದ ತಗಸಿ ಬಿಡ್ರಿ ಅವ್ವಾರ, ಬ್ಯಾರೆ ಅದಾನ ಅಂತ ಬರಕೊಡ್ರಿ." ಒಬ್ಬನ ಮಗ, ಮದಿವಿ ಆಗಿಲ್ಲ, ದೀಪಾವಳಿಗೆ, ಪಂಚಮಿಗೆ ಬಂದ್ರ ಅದ ಮನ್ಯಾಗ ಮಲಗತಾನ. ಅವನ್ನ ಬ್ಯಾರೆ ಹಾಕ್ರಿ ಅಂತ ಕಾಗದ ಹೇಳತೈತಿ. ನಮ್ಮೂರಾಗ ಎಷ್ಟು ಮನಿ ಹಿಂಗ ಕಾಗದದಾಗ ಒಡದಾವು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಯಾರನ್ನೂ ತಪ್ಪು ಅನ್ನಂಗಿಲ್ಲ. ತಪ್ಪು ಆ ಬುದ್ಧಿ ಹೇಳವರದ್ದೂ ಅಲ್ಲ, ಅವರು ಇದ್ದ ದಾರಿ ತೋರಿಸಿದ್ರು.

ಹಂಗಾರ ತೆರಿಗಿಗೆ ನನ್ನ ಮಗಳು ನನ್ನವಳಲ್ಲ, ಯಾಕಂದ್ರ ದೊಡ್ಡಾಕಿ ಆಗ್ಯಾಳ. ರೇಶನ್ನಿಗೆ ಚಿಗವ್ವನ ಮಗ ಅಕಿನವ, ಅವನೂ ದೊಡ್ಡವನ ಆಗ್ಯಾನ. ಒಬ್ಬಾಕಿ ಗಳಿಸವಳಲ್ಲ, ಒಬ್ಬ ಗಳಿಸವ, ಇಷ್ಟ ಫರಕು. ಒಂದು ದಿಲ್ಲಿಯದು, ಒಂದು ಬೆಂಗಳೂರಿಂದು ಅಂತ ನಮ್ಮ ಯಜಮಾನರು ತಿದ್ದಿದ್ರು. ಇರಲಿ, ಪಟ್ಟಿ ಹೋಗಿ ಕೂಡೂದು ಮಾತ್ರ ಒಂದ ಕಡೆ. ರಿಟರ್ನಿನ ಸುದ್ದಿ ರೇಶನ್ ಅಂಗಡಿ ಮಟಾ ಬರತೈತಿ, ರೇಶನ್ ಕಾರ್ಡಿನ ಸುದ್ದಿ ರಿಟರ್ನಿಗೆ ಹೋಗಂಗಿಲ್ಲ. ಅದ್ರಾಗ ಮನಿತನದ ಹೆಸರು, ವಯಸ್ಸು ಎಲ್ಲಾ ಬರದಾವು!

ಮಾಡಾಕ ಬರಂಗಿಲ್ಲ ಅಂತ ಯಾರೂ ಹೇಳಬ್ಯಾಡ್ರಿ. ಗೃಹಲಕ್ಷ್ಮಿ ನೋಡ್ರಿ. 2023ರ ಆಗಸ್ಟ್‌ದಿಂದ ನಿಮಗೆಲ್ಲಾ ಗೊತ್ತಿದ್ದ 2,000. ಅಲ್ಲಿ ನಿಯಮ ಏನು? ಮನಿ ಯಜಮಾನತಿ ಇಲ್ಲಾ ಅಕಿ ಗಂಡ ಆದಾಯ ತೆರಿಗಿ ಕಟ್ಟವರು, ಜಿಎಸ್‌ಟಿ ರಿಟರ್ನ್ ತುಂಬವರು ಇರಬಾರದು. ಗಂಡ ಹೆಂಡ್ತಿ, ಮುಗೀತು. ಮಗ ಏನು ಗಳಿಸ್ತಾನ ಅಂತ ಕೇಳೂದಿಲ್ಲ. ಅಂದ್ರ ಬೆಳದ ಮಗನ ಗಳಿಕಿ ಬ್ಯಾರೆ, ಅವ್ವನ ಹಕ್ಕು ಬ್ಯಾರೆ ಅಂತ ಇದ ರಾಜ್ಯ ಒಂದು ಕಡೆ ಬರದು ಇಟ್ಟೈತಿ. ಅದ ಅಳತಿ ರೇಶನ್ ಕಾರ್ಡಿಗೂ ಹಾಕ್ರಿ. ಬ್ಯಾರೆ ಊರಾಗ ಇರೋ ಮಗ ಮನಿಗೆ ಕಳಸಿದ್ದಷ್ಟು ಎಣಸ್ರಿ, ಅವನ ಇಡೀ ಪಗಾರ ಎಣಸಬ್ಯಾಡ್ರಿ. ಟಿಡಿಎಸ್ ವಾಪಸ್ ಪಡದವರನ್ನ ತೆರಿಗಿದಾರರು ಅನ್ನೂದು ಬಿಡ್ರಿ.

ದಿಲ್ಲಿಯವರಿಗೆ ನಾ ಹೇಳೂದು ಎರಡು ಮಾತು. 80ಡಿಡಿ ಹೊಸ ಪದ್ಧತ್ಯಾಗ ತಿರುಗಿ ತರ್ರಿ, ಇದಕ್ಕ ಯಾವ ವಾದನೂ ಬೇಕಾಗಿಲ್ಲ. ಮತ್ತ ಇಪ್ಪತ್ತೈದರ ಮಟಾ ಓದಾಕತ್ತ, ಗಳಿಕಿ ಇಲ್ಲದ ಮಕ್ಕಳಿಗೆ ಒಂದು ಸಾಲು ಕೊಡ್ರಿ, ಹಳೇದು ಹೊಸದು ಎರಡರಾಗೂ.

ನಮ್ಮ ಅತ್ತಿ ಇದನ್ನ ಓದಸಿಕೊಂಡು ಅಂದ್ರು, "ಹಿಂಗ ಸರಕಾರ ಕೊಟ್ಕೊಂತ ಹ್ವಾದ್ರ ಹುಡುಗರು ಮನ್ಯಾಗ ಕೂತು ಉಣ್ಣಾಕ ಕಲೀತಾರ." ಅತ್ತಿ ಮಾತಿಗೆ ಎದುರಾಡಂಗಿಲ್ಲ ನಾ, ಆದ್ರ ಇದಕ್ಕ ಆಡ್ತೀನಿ. ಹುಡುಗರು ಕೂತು ಉಣ್ಣಾಕತ್ತಿದ್ದು ಯಾವ ವಿನಾಯಿತಿ ಸಿಕ್ಕದ್ದಕ್ಕೂ ಅಲ್ಲ, ನೌಕರಿ ಇಲ್ಲದ್ದಕ್ಕ. ನನ್ನ ಮಗಳು ಮುಂಜಾನೆ ಐದಕ್ಕ ಎದ್ದು ಲೈಬ್ರರ್ಯಾಗ ಜಾಗ ಹಿಡೀತಾಳ. ಅಕಿನ್ನ ಮೈಗಳ್ಳಿ ಅಂದವರು ಒಂದು ದಿನ ಧಾರವಾಡಕ್ಕ ಹೋಗಿ ಆ ಸಾಲು ನೋಡಿ ಬರಲಿ. ಅತ್ತಿ ಆಮ್ಯಾಲೆ ಮಾತಾಡಲಿಲ್ಲ, ಹಿಂಡಿ ಡಬ್ಬ್ಯಾಗ ಇನ್ನೊಂದು ಮುಷ್ಟಿ ಹೆಚ್ಚಿಗಿ ತುಂಬಿದ್ರು.

ನಿಮಗ ಈಗಿಂದೀಗ ಹೇಳೂದು ಇಷ್ಟು. ಮಗ ಸಾಲಕ್ಕಂತನೋ, ಟಿಡಿಎಸ್ ವಾಪಸ್ ತಗೋಳಾಕಂತನೋ ರಿಟರ್ನ್ ತುಂಬತಿದ್ರ ಮದಲ ಮನಿ ಕಾರ್ಡಿನ ಮ್ಯಾಲೆ ಏನು ಬೀಳತೈತಿ ಕೇಳಿಕೊಳ್ರಿ. ಬ್ಯಾಡ ಅಂತಲ್ಲ, ತುಂಬಲಿ. ತುಂಬಿದ ಮ್ಯಾಲೆ ರಿಫಂಡ್ ಬಂದ ಕಾಗದ ತಗದು ಜ್ವಾಕಿ ಇಡ್ರಿ, ತೆರಿಗಿ ಸೊನ್ನಿ ಅಂತ ತೋರಸಾಕ ಬೇಕಾಗತೈತಿ. ಅಂಗವಿಕಲ ಮಕ್ಕಳಿದ್ದವರು ಹೊಸ ಪದ್ಧತಿಗೆ ಹೂಂ ಅನ್ನೂಕಿಂತ ಮದಲ 80ಡಿಡಿ ಹಾಕಿ ಹಳೇದ್ರಾಗ ಒಮ್ಮೆ ಲೆಕ್ಕಾ ಮಾಡಸ್ರಿ, ಕೆಲವರಿಗೆ ಹಳೇದ ಕಡಿಮಿ ಬೀಳತೈತಿ. ಅಂಗಡಿಯವರು ತಾವಾಗಿ ಕೇಳಂಗಿಲ್ಲ, ನೀವ ಬಾಯಿ ಬಿಡಬೇಕು.

ಚಿಗವ್ವ ಮಗನ ಹೆಸರು ತಗಸಂಗಿಲ್ಲ ಅಂತ ಕೂತಾಳ. ಅಕಿ ಅರ್ಜಿ ನಾ ಬರದೀನಿ, ಎರಡು ಪುಟ, ಸೊನ್ನಿ ತೆರಿಗಿಯ ಕಾಗದ ಜೋಡಿಸಿ. ಬರೋ ಸೋಮವಾರ ಸಾಲಿಗೆ ರಜಾ ಹಾಕಿ ಅಕಿನ್ನ ಕರಕೊಂಡು ಗಜೇಂದ್ರಗಡದಾಗ ಕಚೇರಿಗೆ ಹೋಗ್ತೀನಿ. ನಿಮ್ಮ ಪೈಕಿ ಯಾರ ಕಾರ್ಡ್ ಹಿಂಗ ಆಗೇತೋ ಅವರೂ ಬರ್ರಿ, ಒಬ್ಬರ ಹ್ವಾದ್ರ ನಾಳೆ ಬಾ ಅಂತಾರ, ಹತ್ತು ಮಂದಿ ಹ್ವಾದ್ರ ಕುರ್ಚಿ ಹಾಕ್ತಾರ. ಕಾರ್ಡಿನ ಜೆರಾಕ್ಸ್, ಎಲ್ಲಾರ ಆಧಾರ, ಮಗನ ರಿಫಂಡ್ ಕಾಗದ ತರ್ರಿ. ರೋಣದಿಂದ ಬರವರು ಎಂಟೂವರಿಗೆ ಬಸ್ ಸ್ಟ್ಯಾಂಡಿನ್ಯಾಗ ಇರ್ರಿ. ಬುತ್ತಿ ನಾ ತರತೀನಿ, ರೊಟ್ಟಿ ಹ್ಯಾಂಗೂ ಬಡೀಬೇಕು.